ಕಪಾಟಮ್ಮನ ಆರು ಯಂತ್ರ, ಒಂದು ಪತ್ರ

ಎಂಟನೆಯ ಟವೆಲ್ಲು ಮಡಚಿ ಆಯಿತು. ಒಂಬತ್ತನೆಯದನ್ನು ಎತ್ತಿಕೊಂಡ ಹೆಂಗಸು ಅದರ ಎರಡು ತುದಿ ಕೂಡಿಸುತ್ತಾರೆ, ಗಲ್ಲದ ಕೆಳಗೆ ಒತ್ತಿ ಹಿಡಿಯುತ್ತಾರೆ, ಆದರೆ ಮಡಚುವುದಿಲ್ಲ. ಕಣ್ಣು ಗೋಡೆಯ ಗಡಿಯಾರದ ಮೇಲಿದೆ. ಐದು ಮೂವತ್ತೆಂಟು. ಬೀದಿದೀಪ ಇನ್ನೂ ಆರಿಲ್ಲ. ಬೆಳಕು ಬರಲೋ ಬೇಡವೋ ಎಂದು ಎದುರುಮನೆಯ ತಾರಸಿಯ ಅಂಚಿನಲ್ಲಿ ಅನುಮಾನಿಸುತ್ತ ನಿಂತಿದೆ. ಮೇಜಿನ ಮೇಲೆ ಒಣಗಿದ ಬಟ್ಟೆಯ ಗುಡ್ಡೆ, ಗುಡ್ಡೆಯ ಅಡಿಯಲ್ಲಿ ಬಾಯಿ ಕಟ್ಟಿದ ಒಂದು ಬಟ್ಟೆಚೀಲ. ಚೀಲದೊಳಗೆ ಅರ್ಧ ಇಟ್ಟಿಗೆಯಷ್ಟಿರುವ ಬೂದುಬಣ್ಣದ ಹಳೇ ಯಂತ್ರ. ಗುಂಡಿಗಳು ಸವೆದು ಹುಣಿಸೇಬೀಜದಂತೆ ನುಣ್ಣಗಾಗಿವೆ. ನಿನ್ನೆ ಸಂಜೆಯಿಂದ ಅದು ನಿದ್ದೆ ಹೋಗಿದೆ.

ಐದು ನಲವತ್ತಕ್ಕೆ ಸರಿಯಾಗಿ ಅದು ತಾನೇ ಎಚ್ಚೆತ್ತು ಗಂಟೆ ಬಾರಿಸಬೇಕು. ಮೊನ್ನೆ ಬಾರಿಸಲೇ ಇಲ್ಲ. ನಿನ್ನೆ ನಾಲ್ಕು ನಿಮಿಷ ತಡ. ಇವತ್ತು ಮೂರನೆಯ ಪರೀಕ್ಷೆ.

ಕೋಣೆಯ ಇನ್ನೊಂದು ಮೂಲೆಯಲ್ಲಿ, ಹೊಲಿಗೆಯಂತ್ರದ ಮುಂದೆ, ಅಕ್ಕ ಕೂತಿದ್ದಾರೆ. ಒಡಹುಟ್ಟಿದ ಅಕ್ಕ, ಐದು ವರ್ಷಕ್ಕೆ ದೊಡ್ಡವರು, ಮೂವತ್ತೈದು ವರ್ಷದಿಂದ ದರ್ಜಿ. ಸೂಜಿಗೆ ದಾರ ಪೋಣಿಸುತ್ತಲೇ, ತಿರುಗಿ ನೋಡದೆ ಅನ್ನುತ್ತಾರೆ: "ಆ ಟವೆಲ್ಲಿನ ಉಸಿರು ಕಟ್ಟಿಸ್ತಿದೀಯ. ಮಡಚು, ಇಲ್ಲಾ ಬಿಡು."

"ಸ್ವಲ್ಪ ಸುಮ್ಮನಿರೇ ಅಕ್ಕ. ಇನ್ನೊಂದೇ ನಿಮಿಷ."

"ನಾನು ಮಾತಾಡಿದ್ರೆ ಅದು ಏಳೋದಿಲ್ವಾ? ಅಷ್ಟು ನಾಚಿಕೆ ಇರೋದಾದ್ರೆ ಅದು ಗಂಟೆ ಅಲ್ಲ ಬಿಡು, ಮದುವಣಗಿತ್ತಿ."

ಬಟ್ಟೆಗಳ ಅಡಿಯಿಂದ ಮುದುಕಿ ಕೆಮ್ಮಿ ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು. ಆಮೇಲೆ ಗಂಟೆ. ಮುಳ್ಳು ಐದು ನಲವತ್ತರ ಮೇಲೆ ನಿಂತಿದೆ, ಹಿಂದಿಲ್ಲ, ಮುಂದಿಲ್ಲ. ಹೆಂಗಸು ಟವೆಲ್ಲು ಮಡಚಿ ಗುಡ್ಡೆಯ ಮೇಲಿಡುತ್ತಾರೆ. ಮುಖದಲ್ಲಿ ಗೆಲುವೇನೂ ಇಲ್ಲ. "ಅಂತೂ ಇವಳು ಎದ್ದಳು," ಎನ್ನುತ್ತಾರೆ.

ಇವರಿಗೆ ಐವತ್ತೆರಡು ವರ್ಷ. ಕಚೇರಿಯಲ್ಲಿ ಎಲ್ಲರೂ ಕರೆಯುವುದು ಕಪಾಟಮ್ಮ ಎಂದು. ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ, ಇವರ ಬೆನ್ನ ಹಿಂದೆ, ಗಾಜಿನ ಬಾಗಿಲಿನ ಒಂದು ಕಬ್ಬಿಣದ ಕಪಾಟಿದೆ. ಅದರೊಳಗೆ ಆರು ಜಾತಿಯ ಯಂತ್ರಗಳಿವೆ. ಎರಡು ಬಗೆಯ ಮಡಚುವ ಕಂಪ್ಯೂಟರು, ಎರಡು ಬಗೆಯ ಫೋನು, ಒಂದು ಟ್ಯಾಬ್ಲೆಟ್ಟು, ಮತ್ತೆ ಈ ಬೂದು ಪೆಟ್ಟಿಗೆ. ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಕಪಾಟಮ್ಮನ ಕಚೇರಿ ಮಾಡುವ ಪ್ರೋಗ್ರಾಮು ಮಾತ್ರ ಒಂದೇ. ಅದಕ್ಕೂ 'ಗಂಟೆ' ಎಂದೇ ಹೆಸರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಔಷಧಿ ಕೊಡುವ ನರ್ಸ್‌ಗಳಿಗೆ, ಯಾರಿಗೆ ಎಷ್ಟು ಹೊತ್ತಿಗೆ ಮುಂದಿನ ಔಷಧಿ ಎಂದು ನೆನಪು ಮಾಡಿಕೊಡುವುದು ಅದರ ಕೆಲಸ. ಮೂರು ಸಾವಿರದ ಇನ್ನೂರು ನರ್ಸ್‌ಗಳು ಅದನ್ನು ನಂಬಿ ಮೆಟ್ಟಿಲು ಹತ್ತಿ ಇಳಿಯುತ್ತಾರೆ.

ಆರು ಯಂತ್ರಕ್ಕೆ ಆರು ಸಲ ಬರೆಯುವುದಿಲ್ಲ. ಒಂದೇ ಸಲ ಬರೆದಿಟ್ಟು, ಅದೇ ಬರಹವನ್ನು ಆರಕ್ಕೂ ಹೊಂದುವಂತೆ ಆರು ಸಲ ಕಟ್ಟುತ್ತಾರೆ. ಮೂಲದಲ್ಲಿ ಅರವತ್ತೆರಡು ಸಾವಿರ ಸಾಲು. ನೂರರಲ್ಲಿ ತೊಂಬತ್ತನಾಲ್ಕು ಸಾಲು ಎಲ್ಲರದ್ದು, ಉಳಿದ ಆರು ಸಾಲು ಅವರವರ ಹಟಕ್ಕೆ, ಅವರವರ ಚಾಳಿಗೆ. ಕಪಾಟಮ್ಮನ ಕೆಲಸ ಆ ಕಟ್ಟುವುದು. ಬೆಳಿಗ್ಗೆ ಏಳೂವರೆಗೆ ಬಂದು ಗುಂಡಿ ಒತ್ತಿದರೆ ಆರು ಕಟ್ಟು ಮುಗಿಯಲು ನಲವತ್ತೊಂದು ನಿಮಿಷ. ಆಮೇಲೆ ಒಂದೊಂದರ ಮೇಲೂ ಸಾವಿರದ ನೂರ ನಲವತ್ತು ಪರೀಕ್ಷೆ. ಪಾಸಾದದ್ದಕ್ಕೆ ಹಸಿರು ಚುಕ್ಕೆ, ಫೇಲಾದದ್ದಕ್ಕೆ ಕೆಂಪು. ಮೇಲಿನ ಮಹಡಿಯ ಓದಿದವರು ಹೊಸದೇನಾದರೂ ಬರೆದು ಕೊಟ್ಟಾಗಲೆಲ್ಲ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದಾಗುತ್ತದೆ. ಫೋನಿಗೆ ಹಿತವಾದದ್ದು ಕಂಪ್ಯೂಟರಿಗೆ ಅಜೀರ್ಣ. ಯಾವ ಸಾಲು ಯಾರ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ ತೆಗೆಯುವವರು ಇವರು.

ಯಂತ್ರಗಳಿಗೆ ಇವರೇ ಹೆಸರಿಟ್ಟಿದ್ದಾರೆ. ದೊಡ್ಡ ಕಂಪ್ಯೂಟರು ಯಜಮಾನರು. ಇನ್ನೊಂದು ಕಂಪ್ಯೂಟರು ಬೀಗರು. ಪ್ರತಿಯೊಂದಕ್ಕೂ ಅನುಮತಿ ಕೇಳಬೇಕು, ಇಲ್ಲದಿದ್ದರೆ ಮುನಿಸು. ಫೋನುಗಳು ದೊಡ್ಡ ಸೊಸೆ, ಚಿಕ್ಕ ಸೊಸೆ. ಟ್ಯಾಬ್ಲೆಟ್ಟು ನಾದಿನಿ. ಬೂದು ಪೆಟ್ಟಿಗೆ ಅಜ್ಜಿ. "ಅಜ್ಜಿಯ ಜೊತೆಯವರೆಲ್ಲ ಹೋಗಿಬಿಟ್ರು," ಎನ್ನುತ್ತಾರೆ. "ಮಾಡೋ ಕಂಪನಿಯೇ ಮುಚ್ಚಿ ಹೋಯ್ತು. ಆದ್ರೂ ನಲವತ್ತಮೂರು ನರ್ಸ್‌ಗಳು ಇನ್ನೂ ಅಜ್ಜಿನೇ ಹಿಡ್ಕೊಂಡು ಓಡಾಡ್ತಾರೆ. ಬಿದ್ರೂ ಒಡೆಯಲ್ಲ, ಒಂದು ಸಲ ಚಾರ್ಜ್ ಮಾಡಿದ್ರೆ ನಾಲ್ಕು ದಿನ."

ಕಾಲೇಜು ಮೆಟ್ಟಿಲು ಹತ್ತಿದವರಲ್ಲ ಕಪಾಟಮ್ಮ. ತಂದೆ ಹಾಸಿಗೆ ಹಿಡಿದ ವರ್ಷ ಅಕ್ಕ ಹೊಲಿಗೆಗೆ ಕೂತರು, ತಂಗಿ ಟೈಪಿಂಗ್ ಅಂಗಡಿಗೆ ಸೇರಿದರು. ಹತ್ತೊಂಬತ್ತು ವರ್ಷದ ಹಿಂದೆ ಈ ಕಚೇರಿಗೆ ಬಂದದ್ದೂ ಔಷಧಿಗಳ ಹೆಸರು ಟೈಪು ಮಾಡಲಿಕ್ಕೆ. ಕಟ್ಟುವ ಕೆಲಸದವನು ಬಿಟ್ಟುಹೋದಾಗ, ಗುಂಡಿ ಒತ್ತಿ ಕೆಂಪು ಬಂದರೆ ಹೇಳು ಸಾಕು ಎಂದು ಇವರನ್ನು ಕೂರಿಸಿದರು. ಕೆಂಪು ಬಂದಾಗ ಪರದೆಯ ಮೇಲೆ ಬರುವ ತಪ್ಪಿನ ಸಾಲುಗಳನ್ನು ಇವರು ಒಂದು ನೋಟ್‌ಬುಕ್ಕಿಗೆ ಬರೆದುಕೊಂಡರು, ಅರ್ಥ ತಿಳಿಯದೆಯೇ. ಕೆಳಗೆ, ಯಾರು ಏನು ಮಾಡಿದ ಮೇಲೆ ಸರಿಹೋಯಿತು ಎಂಬುದನ್ನೂ. ಹೀಗೆ ಇಪ್ಪತ್ತಮೂರು ನೋಟ್‌ಬುಕ್ಕು ತುಂಬುವ ಹೊತ್ತಿಗೆ ಅರ್ಥ ತಾನಾಗಿ ಬಂತು. ಬಲಗೈ ಮಣಿಕಟ್ಟಿಗೆ ಪಟ್ಟಿ ಬಂತು, ಎರಡು ಕನ್ನಡಕವೂ ಬಂದವು. ಹೆಸರು ಮಾತ್ರ ಎಲ್ಲಿಯೂ ಬರಲಿಲ್ಲ. "ಸರಿಯಿದ್ದ ದಿನ ನಾನಿದ್ದೀನಿ ಅಂತ ಯಾರಿಗೂ ನೆನಪಾಗಲ್ಲ," ಎನ್ನುತ್ತಾರೆ. "ಹಾಗೇ ಇರಬೇಕು. ಚಪ್ಪಲಿ ಸರಿಯಿದ್ರೆ ಕಾಲಿದೆ ಅಂತ ನೆನಪಾಗುತ್ತಾ?"

ಈ ಹೆಂಗಸಿನ ಮೇಜಿನ ಡ್ರಾಯರಿನಲ್ಲಿ ಹನ್ನೊಂದು ವಾರದಿಂದ ಒಂದು ಪತ್ರ ಕೂತಿದೆ. ಬರೆದದ್ದು, ಕಳಿಸದ್ದು. ಅದು ಯಾಕೆ ಅಲ್ಲಿದೆ ಎಂದು ತಿಳಿಯಲು ಎಂಟು ತಿಂಗಳು ಹಿಂದಕ್ಕೆ ಹೋಗಬೇಕು.

ಆಗ ಅಂಚೆಯಲ್ಲಿ ಒಂದು ಕಾಗದ ಬಂದಿತ್ತು, ಕೈಬರಹದ್ದು. ಬೇರೊಂದು ಊರಿನ ನರ್ಸ್ ಒಬ್ಬರು ಬರೆದದ್ದು. ಅವರ ಕೈಯಲ್ಲಿದ್ದದ್ದು ಅಜ್ಜಿಯ ಜಾತಿಯ ಪೆಟ್ಟಿಗೆ. ಐದು ನಲವತ್ತಕ್ಕೆ ಇಟ್ಟ ಗಂಟೆ ಆರು ಹದಿನೇಳಕ್ಕೆ ಬಾರಿಸಿತು ಎಂದು ಬರೆದಿದ್ದರು. ಪೆಟ್ಟಿಗೆ ನನ್ನ ಚೀಲದಲ್ಲಿತ್ತು, ನಡುವೆ ಒಂದೆರಡು ಸಲ ತೆಗೆದು ನೋಡಿದ್ದೆ, ಎಂದು ಕೂಡ. ರೋಗಿ ವಯಸ್ಸಾದವರು. ದೇವರು ದೊಡ್ಡವನು, ಏನೂ ಆಗಲಿಲ್ಲ, ಆದರೆ ಮನೆಯವರು ದೂರು ಕೊಟ್ಟಿದ್ದಾರೆ, ದಯವಿಟ್ಟು ನೋಡಿ ಹೇಳಿ.

ಕಪಾಟಮ್ಮ ನೋಡಿದರು. ಅಜ್ಜಿಯ ಮೇಲೆ ಐದು ನಲವತ್ತಕ್ಕೆ ಗಂಟೆ ಇಟ್ಟರು, ಬಾರಿಸಿತು. ಹತ್ತು ಸಲ ಇಟ್ಟರು, ಹತ್ತು ಸಲವೂ ಬಾರಿಸಿತು. ಹತ್ತು ಹಸಿರು ಚುಕ್ಕೆ. ಆಮೇಲೆ ಉತ್ತರ ಬರೆದರು, ಸಹಿಯನ್ನೂ ಹಾಕಿದರು: 'ಪರಿಶೀಲಿಸಲಾಗಿ ನಮ್ಮಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಬಳಸುವವರು ಸಮಯವನ್ನು ತಪ್ಪಾಗಿ ಒತ್ತಿರಬಹುದು.'

ಎರಡು ತಿಂಗಳ ಮೇಲೆ ಅದೇ ಕೈಬರಹದಲ್ಲಿ ಇನ್ನೊಂದು ಕಾಗದ ಬಂತು. ಮೂರೇ ಸಾಲು. 'ನಿಮ್ಮ ಪತ್ರ ನೋಡಿದ ಮೇಲೆ ನಮ್ಮ ಮೇಲ್ವಿಚಾರಕಿ ನನ್ನನ್ನು ರೋಗಿಗಳ ಮನೆಗೆ ಕಳಿಸುವುದನ್ನು ನಿಲ್ಲಿಸಿದ್ದಾರೆ. ಈಗ ಸ್ಟೋರಿನಲ್ಲಿ ಬ್ಯಾಂಡೇಜು ಎಣಿಸುತ್ತಿದ್ದೇನೆ. ನಾನು ತಪ್ಪು ಒತ್ತಿಲ್ಲ.'

"ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಅನ್ಕೊಂಡೆ," ಎಂದು ಕಪಾಟಮ್ಮ ಒಪ್ಪಿಕೊಳ್ಳುತ್ತಾರೆ. ಮಾತು ಮೆಲ್ಲಗಾಗುತ್ತದೆ. "ನಂಗೆ ಹತ್ತು ಹಸಿರು ಕಂಡಿತ್ತು. ನನ್ನ ಕಣ್ಣಿಗೆ ಆ ಹಸಿರೇ ಪೊರೆ."

ನೆಲವೇ ಡೊಂಕಾಗಿತ್ತು. ಅದು ತಿಳಿದದ್ದು ಕಸ ಗುಡಿಸುವ ಹೆಂಗಸಿನಿಂದ. ಹನ್ನೊಂದು ವಾರದ ಹಿಂದೆ ಒಂದು ಬೆಳಿಗ್ಗೆ ಆಕೆ ಕಸ ಹೀರುವ ಯಂತ್ರಕ್ಕೆ ಜಾಗವಿಲ್ಲದೆ ಕಪಾಟಿನ ಕೆಳಗಿನ ಖಾನೆಯ ಪ್ಲಗ್ಗು ಕಿತ್ತರು, ಮತ್ತೆ ಹಾಕಲು ಮರೆತರು. ಆ ಖಾನೆಯಲ್ಲಿ ಇದ್ದದ್ದು ಅಜ್ಜಿಯೊಂದೇ. ಕಪಾಟಮ್ಮ ಬಂದು ನೋಡಿದಾಗ ಏಳಕ್ಕೆ ಬಾರಿಸಿರಬೇಕಾದ ಪರೀಕ್ಷೆಯ ಗಂಟೆ ಇನ್ನೂ ಬಾರಿಸಿರಲಿಲ್ಲ. ಕೈಗೆತ್ತಿಕೊಂಡು ಗುಂಡಿ ಮುಟ್ಟಿದರು. ಪೆಟ್ಟಿಗೆ ಎಚ್ಚರವಾಯಿತು, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಎಣಿಸಲು ಶುರುಮಾಡಿತು, ಇಪ್ಪತ್ತೆರಡು ನಿಮಿಷದ ಮೇಲೆ, ಏನೂ ಆಗಿಲ್ಲವೆಂಬಂತೆ, ಬಾರಿಸಿತು.

ಅಜ್ಜಿಯ ಜಾತಿಯ ಪೆಟ್ಟಿಗೆಯನ್ನು ಐದು ನಿಮಿಷ ಯಾರೂ ಮುಟ್ಟದಿದ್ದರೆ ಅದು ಬ್ಯಾಟರಿ ಉಳಿಸಲು ನಿದ್ದೆ ಹೋಗುತ್ತದೆ. ಅದು ನಿದ್ದೆ ಹೋದರೆ ಅದರ ಎಣಿಕೆಯೂ ನಿದ್ದೆ ಹೋಗುತ್ತದೆ. ಉಳಿದ ಐದರಲ್ಲಿ ಯಂತ್ರ ಮಲಗಿದರೂ ಎಣಿಕೆ ನಡೆಯುತ್ತಲೇ ಇರುತ್ತದೆ. ಒಂದೇ ಸಾಲು, ಐದು ಕಡೆ ಸರಿ, ಒಂದು ಕಡೆ ಸುಳ್ಳು. ಕಪಾಟಿನಲ್ಲಿ ಇದು ಹತ್ತು ವರ್ಷವಾದರೂ ಕಾಣುವಂತಿರಲಿಲ್ಲ. ಅಲ್ಲಿ ಎಲ್ಲ ಯಂತ್ರಕ್ಕೂ ಸದಾ ಚಾರ್ಜರು ಸಿಕ್ಕಿಸಿರುತ್ತದೆ. ಹೊಟ್ಟೆ ತುಂಬಿದ ಯಂತ್ರ ನಿದ್ದೆ ಮಾಡುವುದಿಲ್ಲ. ನರ್ಸ್‌ನ ಚೀಲದಲ್ಲಿ ಚಾರ್ಜರಿಲ್ಲ.

"ಚೀಲದಲ್ಲಿತ್ತು ಅಂತ ಆಯಮ್ಮ ಮೊದಲನೇ ಕಾಗದದಲ್ಲೇ ಬರೆದಿದ್ರು," ಎನ್ನುತ್ತಾರೆ ಕಪಾಟಮ್ಮ. "ಓದಿದೀನಿ. ಕಣ್ಣು ಆ ಪದದ ಮೇಲಿಂದ ಹಾದುಹೋಗಿದೆ."

ಅವತ್ತೇ ಪತ್ರ ಬರೆದರು. ತಪ್ಪು ನಮ್ಮದು, ನಿಮ್ಮದಲ್ಲ ಎಂದು. ಮ್ಯಾನೇಜರರಿಗೆ ತೋರಿಸಿದರು. ಮ್ಯಾನೇಜರರು ಕೆಟ್ಟ ಮನುಷ್ಯರಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. "ಮೊದ್ಲು ಸರಿಮಾಡಿ. ಹೊಸ ಆವೃತ್ತಿ ಹೋಗಲಿ. ಆಮೇಲೆ ಪತ್ರದ ಮಾತು," ಎಂದರು. ಸರಿಮಾಡುವುದಕ್ಕೆ ವಾರ ಹಿಡಿಯಿತು, ತಿಂಗಳು ಹಿಡಿಯಿತು. ಎಲ್ಲರ ಸಾಲನ್ನು ಒಬ್ಬರಿಗಾಗಿ ಬದಲಿಸಬೇಕು, ಬದಲಿಸಿದರೆ ಉಳಿದ ಐವರು ಕೆಡಬಾರದು. ಪತ್ರ ಡ್ರಾಯರಿನಲ್ಲಿ ಉಳಿಯಿತು.

"ಮ್ಯಾನೇಜರು ಬೇಡ ಅಂದ್ರು ಅಂತ ಹೇಳೋದು ಸುಲಭ," ಎಂದು ಇವರೇ ಹೇಳುತ್ತಾರೆ. "ನಂಗೂ ಬೇಡವಾಗಿತ್ತು. ಹತ್ತೊಂಬತ್ತು ವರ್ಷ ಹಸಿರು ತೋರಿಸಿ ಬದುಕಿದೋಳು. ಆ ಮೊದಲನೇ ಪತ್ರದ ಕೆಳಗೆ ನನ್ನ ಸಹಿ ಇತ್ತು. ದಿನಾ ಡ್ರಾಯರು ತೆಗೀತಿದ್ದೆ, ಪೆನ್ನು ತಗೋತಿದ್ದೆ, ಮುಚ್ತಿದ್ದೆ."

ಈ ಹೊತ್ತು ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಆವೃತ್ತಿ ಹೊರಡಬೇಕೆಂದು ನಿಗದಿಯಾಗಿದೆ. ಹೊಸ ಸಾಲು ಅಜ್ಜಿಗೆ ಒಗ್ಗಿತೇ ಎಂದು ನೋಡಲಿಕ್ಕೇ ಬೂದು ಪೆಟ್ಟಿಗೆಯನ್ನು ಮನೆಗೆ ತಂದು ಬಟ್ಟೆಯಡಿ ಮಲಗಿಸಿದ್ದು. ಈಗ ಅದು ಐದು ನಲವತ್ತಕ್ಕೇ ಬಾರಿಸಿದೆ. ಉಳಿದ ಐದರಲ್ಲಿ ಹೊಸ ಸಾಲು ಪರೀಕ್ಷೆಯಾಗಿ ನಿನ್ನೆಯೇ ಹಸಿರು ಬಂದಿದೆ. ಇನ್ನೇನು ಬಾಕಿ ಎಂದು ಅಕ್ಕ ಕೇಳುತ್ತಾರೆ.

"ಬಾಕಿ ಇಲ್ಲ. ಆದ್ರೆ ಆವತ್ತೂ ಹತ್ತು ಹಸಿರೇ ಬಂದಿತ್ತು."

ಅಕ್ಕ ಹೊಲಿಗೆ ನಿಲ್ಲಿಸುತ್ತಾರೆ. "ಆ ಐದನ್ನ ಎಲ್ಲಿಟ್ಟು ನೋಡಿದೆ?"

"ಕಪಾಟಲ್ಲಿ."

"ಚಾರ್ಜರು?"

"ಹಾಕಿತ್ತು."

"ಒಂದು ಅಂಗಿ ತೋಳು ಗಿಡ್ಡ ಅಂತ ಗಿರಾಕಿ ವಾಪಸ್ ತಂದ್ರು ಅನ್ಕೋ. ಅದೇ ಅಳತೇಲಿ ಕತ್ತರಿಸಿದ ಇನ್ನೈದು ಅಂಗಿನ ಮೈ ಮೇಲೆ ಹಾಕಿ ನೋಡ್ತೀಯೋ, ಹ್ಯಾಂಗರ್ ಮೇಲೆ ನೋಡ್ತೀಯೋ? ಹ್ಯಾಂಗರಿಗೆ ಆಗದೇ ಇರೋ ಅಂಗಿ ಇಲ್ಲ ಕಣೇ."

ಕಪಾಟಮ್ಮ ಮಡಚಿಟ್ಟ ಗುಡ್ಡೆಯಿಂದ ಆರು ಟವೆಲ್ಲು ಎತ್ತಿ ಅಜ್ಜಿಯಿರುವ ಚೀಲಕ್ಕೆ ತುರುಕುತ್ತಾರೆ. "ನನ್ನ ಟವೆಲ್ಲು ಯಾಕೆ?" ಎಂದು ಅಕ್ಕ ಕೇಳುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಏಳು ಗಂಟೆಗೆ ಕಚೇರಿಯ ಮೆಟ್ಟಿಲಿನಲ್ಲಿ ಇನ್ನೂ ನೆಲ ಒರೆಸಿದ ನೀರಿನ ವಾಸನೆ. ಮೂರನೆಯ ಮಹಡಿಯಲ್ಲಿ ಕಪಾಟಮ್ಮ ಗಾಜಿನ ಬಾಗಿಲು ತೆರೆದು ಒಂದೊಂದೇ ಪ್ಲಗ್ಗು ಕೀಳುತ್ತಾರೆ. ಯಜಮಾನರು, ಬೀಗರು ಎರಡೂ ಮಡಚುವಂಥ ಕಂಪ್ಯೂಟರುಗಳು, ಮುಚ್ಚಿ ಮಲಗಿಸಬಹುದು. ಆರಕ್ಕೂ ಮಧ್ಯಾಹ್ನ ಒಂದಕ್ಕೆ ಗಂಟೆ ಇಟ್ಟು, ಟವೆಲ್ಲು ಸುತ್ತಿ, ಎರಡು ಚೀಲಕ್ಕೆ ಇಳಿಸಿ, ಚೀಲವನ್ನು ಮೇಜಿನ ಕೆಳಗೆ ತಳ್ಳುತ್ತಾರೆ. ಕಪಾಟು ಖಾಲಿಯಾಗಿ, ಹಲ್ಲುಬಿದ್ದ ಬಾಯಿಯಂತೆ ಕಾಣುತ್ತದೆ.

ಹತ್ತಕ್ಕೆ ಬಂದ ಮ್ಯಾನೇಜರರು ಮೊದಲು ಕಪಾಟು ನೋಡುತ್ತಾರೆ, ಆಮೇಲೆ ಇವರನ್ನು. "ಏನಮ್ಮಾ ಇದು, ಕಳ್ಳತನ ಆಯ್ತಾ?"

"ಮಲಗಿಸಿದೀನಿ, ಸಾರ್. ಒಂದು ಗಂಟೆಗೆ ಏಳ್ತವೆ."

"ಹನ್ನೆರಡಕ್ಕೆ ಬಿಡುಗಡೆ ಇದೆ."

"ಒಂದು ಹತ್ತಕ್ಕೆ ಬಿಡೋಣ."

"ಐದೂ ನಿನ್ನೆ ಹಸಿರು ಬಂದಿದೆ ಅಂತ ನೀವೇ ಹೇಳಿದ್ರಿ. ಕೆಟ್ಟಿದ್ದದ್ದು ಅಜ್ಜಿ ಒಂದೇ. ಅಜ್ಜಿ ಇರೋದು ನಲವತ್ತಮೂರು ಜನದ ಹತ್ರ. ಅದಕ್ಕೋಸ್ಕರ ಮೂರು ಸಾವಿರ ಜನ ಕಾಯಬೇಕಾ?"

"ಒಂದು ಗಂಟೆ ಹತ್ತು ನಿಮಿಷ, ಸಾರ್. ಹನ್ನೊಂದು ವಾರ ಕಾದಿದೀವಿ."

ಮ್ಯಾನೇಜರರು ಗಡಿಯಾರ ನೋಡಿಕೊಂಡು ಹೋಗುತ್ತಾರೆ. ಹನ್ನೆರಡಕ್ಕೆ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬಿಡುಗಡೆಯ ಗುಂಡಿ ಕಪಾಟಮ್ಮನ ಪರದೆಯ ಮೇಲಿದೆ. ಇವರು ಕೈ ಮಡಿಲಲ್ಲಿಟ್ಟು ಕೂತಿದ್ದಾರೆ. ಒತ್ತಿ ಎಂದು ಅವರು ಹೇಳುವುದಿಲ್ಲ, ಒತ್ತುತ್ತೇನೆ ಎಂದು ಇವರು ಅನ್ನುವುದಿಲ್ಲ. ಹನ್ನೆರಡೂ ಕಾಲರ ಹೊತ್ತಿಗೆ ಮ್ಯಾನೇಜರರು ಒಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹನ್ನೆರಡೂ ನಲವತ್ತಕ್ಕೆ ಒಮ್ಮೆ ಮೇಜಿನ ಕೆಳಗೆ ಬಗ್ಗಿ ಚೀಲ ನೋಡಿ, "ಬದುಕಿದಾವಾ?" ಎನ್ನುತ್ತಾರೆ.

"ಮುಟ್ಟಬೇಡಿ. ಮುಟ್ಟಿದ್ರೆ ಎದ್ದುಬಿಡ್ತವೆ. ಆಮೇಲೆ ಹಸಿರು ಬಂದ್ರೂ ಸುಳ್ಳು ಹಸಿರು."

ಒಂದು ಗಂಟೆ. ಮೊದಲು ಅಜ್ಜಿ ಕೆಮ್ಮುತ್ತದೆ. ಅದರ ಹಿಂದೆಯೇ ಯಜಮಾನರು, ಬೀಗರು. ನಾದಿನಿ. ದೊಡ್ಡ ಸೊಸೆ. ಮೇಜಿನ ಕೆಳಗೆ ಐದು ಸ್ವರ ಒಂದರ ಮೇಲೊಂದು ಬೀಳುತ್ತವೆ. ಮ್ಯಾನೇಜರರು ಎದ್ದು ನಿಲ್ಲುತ್ತಾರೆ. "ಆಯ್ತಲ್ಲ. ಒತ್ತಿ."

ಕಪಾಟಮ್ಮ ಬೆರಳು ಮಡಚಿ ಎಣಿಸುತ್ತಿದ್ದಾರೆ. "ಐದು," ಎನ್ನುತ್ತಾರೆ. "ಚಿಕ್ಕ ಸೊಸೆ ಎದ್ದಿಲ್ಲ."

ಒಂದು ಎರಡು. ಒಂದು ನಾಲ್ಕು. ಐದನ್ನೂ ಒಂದೊಂದಾಗಿ ತೆಗೆದು ಗಂಟೆ ನಿಲ್ಲಿಸಿ ಮೇಜಿನ ಮೇಲಿಟ್ಟಾಗಿದೆ. ಚೀಲದಲ್ಲಿ ಒಂದು ಟವೆಲ್ಲು ಮಾತ್ರ ಉಳಿದಿದೆ, ಅದರೊಳಗೆ ಫೋನು, ಸದ್ದಿಲ್ಲದೆ. ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದಾರೆ, ಹಾಲು ಉಕ್ಕುವುದನ್ನು ಕಾಯುವವರಂತೆ. ಒಂದು ಏಳು. ಒಂದು ಒಂಬತ್ತಕ್ಕೆ ಟವೆಲ್ಲಿನೊಳಗೆ ಗಂಟೆ.

ಕಪಾಟಮ್ಮ ಟವೆಲ್ಲು ಬಿಚ್ಚಿ ಫೋನಿನ ಗಂಟೆ ನಿಲ್ಲಿಸುತ್ತಾರೆ.

"ಹೊಸ ಸಾಲಿನಿಂದ ಕೆಟ್ಟಿರಬೇಕು," ಎನ್ನುತ್ತಾರೆ ಮ್ಯಾನೇಜರರು. "ಹಳೇದರಲ್ಲಿ ಸರಿಯಿತ್ತು."

"ಅದನ್ನೂ ನೋಡೋಣ," ಎಂದು ಕಪಾಟಮ್ಮ ಚಿಕ್ಕ ಸೊಸೆಯ ಹೊಟ್ಟೆಗೆ ಹಳೇ ಆವೃತ್ತಿ ಹಾಕುತ್ತಾರೆ. ಈ ಹೊತ್ತು ನರ್ಸ್‌ಗಳ ಕೈಯಲ್ಲಿ ಇರುವುದು ಅದೇ. ಎರಡು ಇಪ್ಪತ್ತಕ್ಕೆ ಗಂಟೆ ಇಟ್ಟು ಮತ್ತೆ ಟವೆಲ್ಲು ಸುತ್ತಿ ಚೀಲಕ್ಕೆ. ಮ್ಯಾನೇಜರರು ಊಟಕ್ಕೆ ಹೋಗುವುದಿಲ್ಲ. ಎರಡು ಇಪ್ಪತ್ತಕ್ಕೆ ಚೀಲ ಸುಮ್ಮನಿದೆ. ಎರಡು ಮೂವತ್ತೊಂದಕ್ಕೆ ಬಾರಿಸುತ್ತದೆ. ಹನ್ನೊಂದು ನಿಮಿಷ.

ಚಿಕ್ಕ ಸೊಸೆಯ ಎಣಿಕೆ ನಿಂತಿಲ್ಲ. ಆದರೆ ಅವಳು ಉಳಿತಾಯದವಳು. ಚಾರ್ಜರಿಲ್ಲದಾಗ ಪ್ರತಿಯೊಂದಕ್ಕೂ ಏಳುವುದಿಲ್ಲ, ಹತ್ತಿರ ಹತ್ತಿರದ ಕೆಲಸವನ್ನೆಲ್ಲ ಗುಡ್ಡೆಹಾಕಿಕೊಂಡು ಒಂದೇ ಸಲ ಎದ್ದು ಮುಗಿಸುತ್ತಾಳೆ. ಕಪಾಟಿನಲ್ಲಿ, ಚಾರ್ಜರಿನ ಮೇಲೆ, ಅವಳ ಈ ಗುಣ ಯಾರಿಗೂ ತಿಳಿದಿರಲಿಲ್ಲ.

"ಎಷ್ಟು ಜನದ ಹತ್ರ ಇದೆ ಇದು?" ಮ್ಯಾನೇಜರರು ಕೇಳುತ್ತಾರೆ, ಗೊತ್ತಿದ್ದೂ.

"ಸಾವಿರದ ಒಂಬೈನೂರು."

"ಹನ್ನೊಂದು ನಿಮಿಷ ತಾನೇ."

"ಹನ್ನೊಂದು ನಿಮಿಷ ತಡ ಅಂತ ಒಬ್ಬ ನರ್ಸಮ್ಮ ಬರೆದಿದ್ರೆ ನಾವೇನು ಉತ್ತರ ಕೊಡ್ತಿದ್ವಿ, ಸಾರ್? ತಪ್ಪು ಒತ್ತಿರಬಹುದು ಅಂತ."

"ಆ ಉತ್ತರ ಬರೆದೋರು ನೀವೇ."

ಬಾಣ ನಾಟಬೇಕಾದಲ್ಲೇ ನಾಟುತ್ತದೆ. ಕಪಾಟಮ್ಮ ಕನ್ನಡಕ ತೆಗೆದು ಟವೆಲ್ಲಿನ ತುದಿಯಲ್ಲಿ ಒರೆಸುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ. "ಹೌದು. ಅದಕ್ಕೇ ಇದನ್ನೂ ನಾನೇ ಬರೀತೀನಿ," ಎಂದು ಡ್ರಾಯರು ಎಳೆಯುತ್ತಾರೆ.

"ಹೊಸ ಆವೃತ್ತಿ ಸರಿಯಾಗೋವರೆಗೂ ತಡೀರಿ. ಒಂದು ವಾರ."

"ಸರಿಮಾಡೋಕೆ ಒಂದು ವಾರ ಬೇಕು, ನಿಜ. ಗೋಡೆ ಗಡಿಯಾರ ನೋಡಿ ಔಷಧಿ ಕೊಡಿ ಅಂತ ಹೇಳೋಕೆ ಒಂದು ವಾರ ಬೇಡ. ತಪ್ಪು ನಿಮ್ಮದಲ್ಲಮ್ಮ ಅನ್ನೋಕಂತೂ ಎಂಟು ತಿಂಗಳು ತಗೊಂಡಿದೀನಿ."

"ನಾನು ಸಹಿ ಹಾಕಲ್ಲ."

"ನನ್ನದು ಸಾಕು. ಆವತ್ತಿನದರಲ್ಲೂ ನನ್ನದೇ ಇತ್ತು."

ಮ್ಯಾನೇಜರರು ಎದ್ದು ಬಾಗಿಲವರೆಗೆ ಹೋಗುತ್ತಾರೆ. ಅಲ್ಲಿ ನಿಂತು, ಬೆನ್ನು ತಿರುಗಿಸಿಕೊಂಡೇ, "ಬಿಳೀ ಕಾಗದದಲ್ಲಿ ಬರೀಬೇಡಿ," ಎನ್ನುತ್ತಾರೆ. "ಕಂಪನಿ ಹೆಸರಿರೋ ಕಾಗದದಲ್ಲಿ ಬರೀರಿ. ಇಲ್ಲಾಂದ್ರೆ ಅವರ ಮೇಲಿನೋರು ನಂಬಲ್ಲ." ಸ್ವಲ್ಪ ತಡೆದು, "ಗಡಿಯಾರ ನೋಡಿ ಅನ್ನೋ ಎಚ್ಚರಿಕೆ ಎಲ್ಲಾ ಪರದೆ ಮೇಲೂ ಸಂಜೆಯೊಳಗೆ ಬರೋ ಹಾಗೆ ನಾನು ನೋಡ್ತೀನಿ." ಮೆಟ್ಟಿಲಿನಲ್ಲಿ ಅವರ ಹೆಜ್ಜೆಯ ಸದ್ದು ಮೇಲಕ್ಕೆ ಹೋಗುತ್ತದೆ.

ಡ್ರಾಯರಿನ ಪತ್ರದಲ್ಲಿ ಎರಡು ಪುಟವಿತ್ತು, ಬಹಳ ಕಾರಣಗಳಿದ್ದವು. ನಿದ್ದೆ ಏನು, ಎಣಿಕೆ ಏನು, ಎಲ್ಲ. ಕಪಾಟಮ್ಮ ಅದನ್ನು ಓದಿ ಬದಿಗಿಟ್ಟು ಹೊಸದಾಗಿ ಒಂದೇ ಪುಟ ಬರೆಯುತ್ತಾರೆ. 'ನೀವು ಸಮಯವನ್ನು ಸರಿಯಾಗಿಯೇ ಒತ್ತಿದ್ದಿರಿ. ಯಂತ್ರ ಚೀಲದಲ್ಲಿತ್ತು ಎಂದು ಬರೆದಿದ್ದಿರಿ. ನಾನು ಅದನ್ನು ಚೀಲದಲ್ಲಿಟ್ಟು ನೋಡಲಿಲ್ಲ. ಈಗ ನೋಡಿದ್ದೇನೆ. ನೀವು ಹೇಳಿದ್ದು ನಿಜ, ನಾನು ಬರೆದದ್ದು ಸುಳ್ಳು. ಇದನ್ನು ನಿಮ್ಮ ಮೇಲ್ವಿಚಾರಕಿಗೂ ಕಳಿಸುತ್ತಿದ್ದೇನೆ. ನಿಮ್ಮನ್ನು ರೋಗಿಗಳ ಬಳಿಗೆ ವಾಪಸ್ಸು ಕಳಿಸಬೇಕೆಂದು ಅವರನ್ನು ಕೇಳಿಕೊಂಡಿದ್ದೇನೆ.' ಕೆಳಗೆ ಸಹಿ. ಎರಡು ಪ್ರತಿ, ಎರಡು ಲಕೋಟೆ. ಗಡಿಯಾರ ಮೂರೂ ನಲವತ್ತು. ಅಂಚೆ ಕಚೇರಿ ನಾಲ್ಕಕ್ಕೆ ಚೀಲ ಕಟ್ಟುತ್ತದೆ.

ಮೂರು ಮಹಡಿಯ ಮೆಟ್ಟಿಲು, ಎರಡು ಅಡ್ಡರಸ್ತೆ, ಒಂದು ಸಿಗ್ನಲ್ಲು. ಐವತ್ತೆರಡರ ಮಂಡಿ ಓಡಲು ಒಪ್ಪುವುದಿಲ್ಲ, ನಡಿಗೆಗೆ ಎಷ್ಟು ಅವಸರ ತುಂಬಬಹುದೋ ಅಷ್ಟನ್ನೂ ತುಂಬಿಕೊಂಡು ಕಪಾಟಮ್ಮ ನಡೆಯುತ್ತಾರೆ. ಕಿಟಕಿಯ ಮುಂದೆ ನಾಲ್ಕು ಜನರ ಸಾಲು. ಮುಂದಿನವರು ಒಂದು ಪಾರ್ಸೆಲ್ಲಿನ ದಾರವನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದಾರೆ. ಕಾಯುತ್ತ ನಿಂತಾಗ, ಇಷ್ಟು ವರ್ಷ ದುಡಿದವರಿಗೆ ಏನಾದರೂ ಆಸೆ ಇರಬೇಕಲ್ಲ ಎಂದು ಕೇಳಿದರೆ, ಕಣ್ಣು ಕಿಟಕಿಯಿಂದ ತೆಗೆಯದೆ ಉತ್ತರ ಬರುತ್ತದೆ: "ಆ ಕಪಾಟಿಗೆ ಇನ್ನೊಂದು ಖಾನೆ ಬೇಕು. ಪ್ಲಗ್ಗು ಇಲ್ಲದ್ದು. ಅಷ್ಟೇ." ಆಮೇಲೆ, "ಅಕ್ಕನ ಟವೆಲ್ಲೂ ವಾಪಸ್ ಕೊಡಬೇಕು."

ಮೂರೂ ಐವತ್ತಾರು. ಕಿಟಕಿಯ ಗುಮಾಸ್ತರು ಎರಡೂ ಲಕೋಟೆ ತೂಗುತ್ತಾರೆ. "ರಿಜಿಸ್ಟರಾ, ಸಾದಾನಾ?"

"ರಿಜಿಸ್ಟರ್. ಕೈಗೇ ಮುಟ್ಟಬೇಕು."

"ಅರ್ಜೆಂಟಾ?"

ಕಪಾಟಮ್ಮ ಸ್ವಲ್ಪ ಯೋಚಿಸುತ್ತಾರೆ. "ತಡವಾಗಿದೆ," ಎನ್ನುತ್ತಾರೆ.

ಮುದ್ರೆ ಎರಡು ಸಲ ಬೀಳುತ್ತದೆ. ರಸೀದಿ ಈಚೆಗೆ ಬಂದರೂ ಇವರು ಕಿಟಕಿ ಬಿಡುವುದಿಲ್ಲ. ಹಿಂದಿನವರು ಗೊಣಗುತ್ತಾರೆ. ಗುಮಾಸ್ತರು ಲಕೋಟೆಗಳನ್ನು ಹಿಂದಕ್ಕೆ ಚಾಚಿ, ನೋಡದೆಯೇ, ಬಾಯಿ ತೆರೆದಿರುವ ಗೋಣಿಚೀಲಕ್ಕೆ ಹಾಕುತ್ತಾರೆ. ಅವು ಒಳಗೆ ಬಿದ್ದದ್ದನ್ನು ಕಪಾಟಮ್ಮ ಕಣ್ಣಾರೆ ನೋಡುತ್ತಾರೆ, ಚೀಲದ ಬಾಯಿ ಕಟ್ಟುವವರೆಗೂ ನಿಂತು ನೋಡುತ್ತಾರೆ.